ಇಪ್ಪತ್ತರ ಲೆಕ್ಕ

ಇಪ್ಪತ್ತು ಸೆಕೆಂಡು ಕೈ ತೊಳಸ್ರಿ ಅಂದ್ರು ಸುಪರ್‌ವೈಜರ್ ಬಾಯಾರು,
ಕಲಬುರಗಿಯಿಂದ ಬಂದ ಜೀಪು, ಇಳೀಲಿಲ್ಲ,
ಕಾಜಿನ ಸಂದಿಯೊಳಗಿಂದಲೇ ಅಂದ್ರು.
ಗ್ವಾಡಿಗಿ ಗಡಿಯಾರ ಅದ, ಸೆಲ್ಲು ಇಲ್ಲ.
ಮುಳ್ಳು ನಾಕೂ ಹತ್ತಕ್ಕ ನಿಂತು ಎರಡು ವರ್ಷ ಆತು.
ನಾನು ಸಹಾಯಕಿ. ಲೆಕ್ಕ ಟೀಚರದು, ಸೌಟು ನನ್ನದು.

ಹಂಗಾಗಿ ಹಾಜರಿ ಹಿಡಿದೆ.
ಮೌನೇಶ, ಭಾಗ್ಯವಂತಿ, ಚಾಂದಪಾಶಾ,
ಅವಳಿ ಜವಳಿ ತನುಜಾ ತೇಜಾ,
ಸಾಬಣ್ಣನ ಮಗಳು, ಇನ್ನೂ ಹೆಸರಿಟ್ಟಿಲ್ಲ, ‘ಪಾಪು’ ಅಂತ ಬರದದ,
ಹಿಂಗ ಸಾವಕಾಶ ಕರದ್ರ ಇಪ್ಪತ್ತು ಹೆಸರಿಗೆ
ಬೆರಳ ಸಂದಿ, ಉಗುರಿನ ಬುಡ, ಮುಂಗೈ ತನಕ ನೊರೆ ಬರ್ತದ.
ಕರೆಕ್ಟ್ ಬರ್ತದ. ಟೀಚರ್ ಮೊಬೈಲ್ ಹಿಡಿದು ನೋಡ್ಯಾರ.

ಶಹಾಬಾದಿನ ಆಚೆ ಖಣಿ ಊರು ನಮ್ಮದು.
ಪರಸಿ ಕೊಯ್ಯೋ ಮಷಿನ್ನಿನ ಬಿಳಿ ಧೂಳು
ಬೇವಿನ ಎಲಿ ಮ್ಯಾಲ, ರೊಟ್ಟಿ ಮ್ಯಾಲ, ಎಮ್ಮಿ ಬೆನ್ನ ಮ್ಯಾಲ.
ಮೂಗಿಗೆ ಅರಿವಿ ಕಟ್ಟೋದು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ.
ಕಲಿಸಬೇಕಾದದ್ದು ಬ್ಯಾರೆ:
ಒಬ್ಬರ ತಾಟಿನಾಗ ಇನ್ನೊಬ್ಬರು ಕೈ ಹಾಕಬ್ಯಾಡ್ರಿ.
ಅದನ್ನ ಹ್ಯಾಂಗ ಕಲಿಸಲಿ?
ನಿನ್ನೆ ತನಕ ಹಂಚಿ ತಿನ್ರಿ ಅಂದ ಬಾಯಿ ಇದೇ.

ಖಡು ಹಿಡಿದು ನೆಲದ ಮ್ಯಾಲ ಗೋಲ ಬರದೆ.
ಒಂದು ಗೋಲದೊಳಗ ಒಂದು ಕೂಸು.
ಮೌನೇಶ ತನ್ನದಕ್ಕ ಮೂರು ಗಾಲಿ ಹಚ್ಚಿ ಟಂಟಂ ಮಾಡಿದ.
ತನುಜಾ ತೇಜಾರವು, ಹೊತ್ತೇರೋದ್ರೊಳಗ,
ಕುಂಡಿಲೆ ಸರದು ಸರದು ಅಳಿಸಿ ಹೋಗಿದ್ವು.
ಒಂದೇ ಕೌದಿಯೊಳಗ ಮಲಗೋರಿಗೆ
ಆರು ಫೂಟು ಅಂದ್ರ ಏನ್ ತಿಳೀತದ?
ಅವರಿಬ್ಬರಿಗೂ ಕೂಡಿ ಒಂದು ದೊಡ್ಡದು ಬರದೆ. ಟೀಚರಿಗೆ ಹೇಳಿಲ್ಲ.

ಎಂಟು ದಿನದಾಗ ಬಂದ್.
ಕೀಲಿ ಟೀಚರ್ ಕಡಿ, ಹೆಸರು ನನ್ನ ಕಡಿ.
ತತ್ತಿ, ಬೆಲ್ಲ, ಕಾಳು ಮನಿ ಮನಿಗೆ ಒಯ್ದೆ,
ಹೊಸ್ತಿಲ ಹೊರಗ ಇಟ್ಟು, ಹಿಂದಕ್ಕ ಸರದು, ಕೂಗೋದು.
ಭಾಗ್ಯವಂತಿ ಓಡಿ ಬಂದು ಸೀರಿ ನಿರಿಗಿಗೆ ಕೈ ಚಾಚಿದಳು.
‘ದೂರ, ದೂರ’ ಅಂದೆ.
ನಮ್ಮ ಕೇರಿಯವರಿಗೆ ಹಿಂದ ಆ ಮಾತು ಯಾರ್ಯಾರು ಅಂದಿದ್ರೋ
ಅವರ ದನಿಯಾಗೇ ಬಂತು, ನನ್ನ ಬಾಯಾಗ.
ಅವತ್ತು ಮನಿಗೆ ಬಂದು
ಕೈಗಿಂತ ಮೊದಲು ಬಾಯಿ ತೊಳಕೊಂಡೆ.

ಈಗ ಬಾಗಿಲು ತೆರೆದದ.
ಖಣಿ ನಿಂತಾಗ ಚಾಂದಪಾಶಾನ ಅಪ್ಪ ಅವ್ವ ಭಿವಂಡಿಗೆ ಹೋದ್ರು,
ಅವನ್ನೂ ಕರಕೊಂಡು.
ಪಟ್ಟಿಯೊಳಗ ಅವನ ಹೆಸರಿನ ಮ್ಯಾಲ ಕೆಂಪು ಗೆರಿ.
ಖರೆ, ಹತ್ತೊಂಬತ್ತಕ್ಕ ಹೊತ್ತು ತುಂಬೋದಿಲ್ಲ.
ಮೂರನೇ ಹೆಸರಿಗೆ ಹೆಬ್ಬೆರಳ ಪಾಳಿ,
ಬಿಟ್ರ ಹೆಬ್ಬೆರಳು ಹಂಗೇ ಉಳೀತದ.
‘ಚಾಂದಪಾಶಾ’ ಅಂತ ಕರೀತೀನಿ.
ಎಲ್ಲಾರೂ ಹೆಬ್ಬೆರಳು ತಿಕ್ಕತಾರ.
ಯಾವುದೋ ಒಂದು ಕೂಸು, ಯಾವುದಂತ ಇನ್ನೂ ಹಿಡಿದಿಲ್ಲ,
ಅವನ ಪಾಲಿಂದೂ ‘ಬಂದೀನ್ರಿ’ ಅಂತದ.
ನಳ ಬಂದ್ ಮಾಡ್ರಿ, ಟಾಕಿ ಖಾಲಿ ಆಗ್ತದ, ಅಂತೀನಿ ನಾನು.