ಒದ್ದೆ ಹಗ್ಗ

ನಿವೆರ್ನೇ ಕಾಲುವೆಯ ದಂಡೆಗುಂಟ
ಸೊಲಾಂಜಳ ಸೈಕಲ್ಲು ಮುಂದೆ, ನನ್ನದು ಹಿಂದೆ.
ಅವಳ ಹಿಂದಿನ ಗಾಲಿಗೊಂದು ಕುಂಟು,
ಸುತ್ತಿಗೊಮ್ಮೆ ಟಿಕ್ಕೆನ್ನುತ್ತದೆ.
ಎಣ್ಣೆ ಬಿಡಬಾರದೇ ಅಂದರೆ,
"ಬಿಟ್ಟರೆ, ನಾನು ಹೋಗುತ್ತಿದ್ದೇನೆಂದು ನನಗೆ ಹೇಳುವವರು ಯಾರು?"

ಪಾಪ್ಲರ್ ಮರಗಳ ನೆರಳು ದಾರಿಗೆ ಅಡ್ಡಡ್ಡ ಬಿದ್ದು
ಬಿಸಿಲು, ನೆರಳು, ಬಿಸಿಲು,
ಮಲಗಿಸಿದ ಏಣಿಯ ಮೇಲೆ ಸೈಕಲ್ಲು ಹೊಡೆದ ಹಾಗೆ.
ನೀರು ಹರಿಯುತ್ತಿದೆಯೋ ನಿಂತಿದೆಯೋ
ತೇಲುವ ಎಲೆಯನ್ನು ಕೇಳಬೇಕು;
ಎಲೆಯೂ ಯೋಚಿಸುತ್ತಿದೆ.

ಮೂವತ್ತೊಂದು ವರ್ಷ ಟಪಾಲು ಹಂಚಿದ ಕಾಲು ಅವಳದು.
ಚೀಲ ಇಳಿಸಿ ಒಂಬತ್ತು ವರ್ಷವಾದರೂ
ಒಂದೊಂದು ಗೇಟಿನ ಮುಂದೂ ಪೆಡಲು ತಾನೇ ತಡೆಯುತ್ತದೆ.
ಇಲ್ಲಿ, ಕನ್ನಡಕ ಕಳೆದಿದೆಯೆಂದು ಸುಳ್ಳು ಹೇಳಿ
ಮಗಳ ಕಾಗದ ಓದಿಸಿಕೊಂಡವನು.
ಇಲ್ಲಿ, ಹಂಸ ಸಾಕಿ ಅದರಿಂದಲೇ ಕಚ್ಚಿಸಿಕೊಂಡವಳು.
ಅಗೋ, ಆ ನೀಲಿ ಕಿಟಕಿಗೆ
ಇಪ್ಪತ್ತು ವರ್ಷ ಒಂದೇ ಕೈಬರಹದ ಲಕೋಟೆ,
ಇಪ್ಪತ್ತು ವರ್ಷವೂ ಒಡೆಯದೆ ವಾಪಸು.
ಯಾರೆಂದು ಕೇಳಿದೆ.
ಗಂಟೆ ಬಾರಿಸಿ ಮುಂದೆ ಹೋದಳು.

ದೋಣಿಗಳನ್ನು ಹತ್ತಿಸಿ ಇಳಿಸುವ ನೀರಬಾಗಿಲ ಹತ್ತಿರ
ಬರುವಾಗ ಹನ್ನೆರಡು ಹೊಡೆಯಿತು.
ಕಾವಲಿನ ಹುಡುಗ ಬಾಸ್ತಿಯಾಂ
ಹಿಡಿಕೆ ಬಿಟ್ಟು ಕೈ ತೊಳೆದುಕೊಂಡ.
ಒಳಗೆ ಹೋಗಬೇಕಾದ ದೋಣಿಯೊಂದು
ಒಗೆದ ಬಟ್ಟೆ ಹರವಿಕೊಂಡು ಕಾಯುತ್ತಿತ್ತು.
"ನೀರಿಗೂ ಊಟದ ಹೊತ್ತು," ಎಂದವನೇ
ಮನೆ ಸೇರಿಕೊಂಡ. ಆಮ್ಲೆಟ್ಟಿನ ವಾಸನೆ.

ಒಂದು ಗಂಟೆ ಏನು ಮಾಡುವುದು?
ದಿಬ್ಬದ ಮೇಲೆ ಎಂಟು ನೂರು ವರ್ಷದ ಇಗರ್ಜಿ.
ಕಂಬದ ತಲೆಯಲ್ಲಿ ಪಾಪಿಗಳನ್ನು ತೂಗುವ ಕಲ್ಲಿನ ಸೈತಾನ,
ಅವನ ತಕ್ಕಡಿಯ ತಟ್ಟೆಯೊಂದರಲ್ಲಿ
ಕವಲುಬಾಲದ ಹಕ್ಕಿ ಗೂಡು ಕಟ್ಟಿದೆ.
"ಆ ಕಡೆಯೇ ಭಾರ," ಎಂದಳು ಸೊಲಾಂಜ್.
ಮೆಟ್ಟಿಲ ಮೇಲೆ ಕೂತು, ಬೇಯಿಸಿದ ಮೊಟ್ಟೆ ಸುಲಿದು,
ಸಿಪ್ಪೆಯನ್ನು ಕರವಸ್ತ್ರದಲ್ಲಿ ಕಟ್ಟಿಟ್ಟಳು.
ಉಪ್ಪು ಮರೆತು ಬಂದಿದ್ದೆವು.

ಇಳಿಯುವಾಗ ಹಳೆಯ ಸೇತುವೆಯ ಕೆಳಗೆ ನಿಲ್ಲಿಸಿದಳು.
"ಫೋಟೋ ಬೇಡ, ಬೆರಳಿಡು."
ಕಮಾನಿನ ಮೂಲೆಗಲ್ಲಿನಲ್ಲಿ ಗೀರು,
ಒಂದರ ಕೆಳಗೊಂದು, ಏಳೋ ಎಂಟೋ,
ಎರಡನೆಯ ಗೆಣ್ಣಿನವರೆಗೂ ಬೆರಳು ಹೋಯಿತು.
ಇರುವೆ ಹರಿದು ಕಲ್ಲು ಸವೆಯುತ್ತದೆನ್ನುತ್ತಾರೆ;
ಇಲ್ಲಿ ಹರಿದದ್ದು ಒದ್ದೆ ಹಗ್ಗ.
ಹಗ್ಗದ ಆ ತುದಿಗೆ ಸೌದೆ ತುಂಬಿದ ದೋಣಿ,
ಈ ತುದಿಗೆ ಕುದುರೆ. ಕುದುರೆಗೆ ದುಡ್ಡಿಲ್ಲದವರಿಗೆ
ಹೆಂಡತಿ, ಮಕ್ಕಳು.
ಅವಳ ಮುತ್ತಜ್ಜಿ ಲಿಯೋನಿ, ಹನ್ನೊಂದರ ಹುಡುಗಿ,
ಎದೆಗೆ ಅಡ್ಡ ಚರ್ಮದ ಪಟ್ಟಿ,
ಗಂಟೆಗೆ ಅರ್ಧ ಹರದಾರಿ.

ಬೆಳಗಿನಿಂದ ನಾನು ಹೊಗಳುತ್ತ ಬಂದಿದ್ದೆ:
ಎಷ್ಟು ಸಮ ಈ ದಾರಿ, ಎಷ್ಟು ನಿಧಾನ ಈ ಲೋಕ ಎಂದು.
ಬೆರಳು ತೆಗೆದೆ. ತುದಿಗೆ ಕಲ್ಲಿನ ಬಿಳಿ ಪುಡಿ.

ಒಂದು ಹೊಡೆಯಿತು. ಬಾಸ್ತಿಯಾಂ ಬಾಯೊರೆಸಿಕೊಂಡು ಬಂದು
ನೀರಬಾಗಿಲು ತೆರೆದ. ದೋಣಿಯ ಎಂಜಿನ್ನು ಕೆಮ್ಮಿತು,
ಕೆಮ್ಮಿತು, ಸುಮ್ಮನಾಯಿತು.
ದೋಣಿಯ ಹೆಂಗಸು ನಾಚಿಕೊಂಡು ಹಗ್ಗ ಎಸೆದಳು,
ಹುಡುಗನ ಕಡೆಗೆ. ಹಿಡಿದದ್ದು ಸೊಲಾಂಜ್.

ಹೆಗಲಿನಿಂದ ಎದೆಗೆ ಅಡ್ಡ ಹಾಕಿಕೊಂಡು ಬಾಗಿದಳು.
ಇನ್ನೂ ಬಾಗಿದಳು. ಏನೂ ಆಗಲಿಲ್ಲ.
ಅವಳ ಹಿಮ್ಮಡಿಯ ಕೆಳಗೆ ಜಲ್ಲಿ ಮಾತ್ರ ಜರುಗಿತು.
ನಾನು ಓಡಿ ಕೈ ಹಾಕುವಷ್ಟರಲ್ಲಿ
ಎಲ್ಲೋ ಆಳದಲ್ಲಿ ನೀರು ಒಪ್ಪಿಕೊಂಡಿತು.
ಹನ್ನೆರಡು ಟನ್ನು, ಒಗೆದ ಬಟ್ಟೆ, ಹೂಕುಂಡಗಳ ಸಮೇತ
ಕರು ಬಂದ ಹಾಗೆ ಬಂತು.

ಹತ್ತಿಪ್ಪತ್ತು ಹೆಜ್ಜೆ, ಅಷ್ಟೆ.

ಆಮೇಲೆ ಸೈಕಲ್ಲು ಹತ್ತಿದೆವು.
ಅವಳ ನೀಲಿ ಅಂಗಿಯ ಬೆನ್ನಿಗೆ
ಹೆಗಲಿಂದ ಸೊಂಟಕ್ಕೆ ಓರೆಯಾಗಿ ಒಂದು ಒದ್ದೆ ಗೆರೆ,
ಮುಂದಿನ ಊರು ಬರುವ ಹೊತ್ತಿಗೆ ಆರಿತು.
ಟಿಕ್.
ಟಿಕ್.
ನಾನು ಎಣಿಸಲು ತೊಡಗಿದೆ.