ಪುಕ್ಕಟೆ ಕತ್ತರಿ

"ವೋಟರ್ ಕಾರ್ಡಿಂದು ಮಾತ್ರ ಹಾಕಬೇಡ ಮಾರಾಯ್ತಿ,
ಅದರಲ್ಲಿ ನಾನು ಆಗಲೇ ಸತ್ತಿದೀನಿ."
ಹೀಗೆಂದು ಗುತ್ಯಮ್ಮ ಪ್ಲಾಸ್ಟಿಕ್ ಚೀಲ ಬಿಚ್ಚಿ
ಮೇಜಿನ ಮೇಲಿಟ್ಟದ್ದು ಒಂದು ಗುಂಪು ಫೋಟೋ:
ಪೇಪರ್ ಮಿಲ್ಲಿನ ಕ್ಯಾಂಟೀನು, ಹದಿನಾಲ್ಕು ಹೆಂಗಸರು,
ಮೂಲೆಯಲ್ಲಿ ಸಾರಿನ ಹಂಡೆಯೂ ಪೋಸು ಕೊಟ್ಟಿದೆ.
ಎರಡನೇ ಸಾಲು, ಎಡದಿಂದ ಮೂರನೆಯವಳು.
ಎಪ್ಪತ್ತೊಂದು ವರ್ಷದಲ್ಲಿ ನಕ್ಕ ಫೋಟೋ ಇದೊಂದೇ.

"ಯಾವತ್ತೋ ಒಂದಿನ ಪೇಪರಿಗೆ ಕೊಡಬೇಕಾಗ್ತದಲ್ಲ,
ಆವತ್ತು ನೀವೆಲ್ಲ ಗಡಿಬಿಡಿಯಲ್ಲಿರ್ತೀರಿ."
ಇಪ್ಪತ್ತಾರು ವರ್ಷ ಕಾಗದ ಮಾಡುವವರಿಗೆ ಅನ್ನ ಬಡಿಸಿದವಳು
ಕಾಗದದ ಮೇಲೆ ನೆಟ್ಟಗೆ ಬರಬೇಕೆಂದರೆ ತಪ್ಪೇ?

ನಮ್ಮನೆ ಕಂಪ್ಯೂಟರು ದುಡ್ಡು ಕೊಟ್ಟು ತಂದದ್ದಲ್ಲ.
ಭದ್ರಾವತಿಯ ಟೈಪಿಂಗ್ ಇನ್‌ಸ್ಟಿಟ್ಯೂಟು ಬಾಗಿಲು ಹಾಕಿದಾಗ
ನಾಲ್ಕು ತಿಂಗಳ ಸಂಬಳದ ಬದಲು ಹೊತ್ತು ತಂದದ್ದು.
ಸೇತುವೆ ದಾಟುವಾಗ ಆಟೋದಲ್ಲಿ ಮಾನಿಟರನ್ನು
ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ.
ಈಗ ಅದು ಏಳಬೇಕೆಂದರೆ ಒಂದು ಲೋಟ ಕಾಫಿ ಮುಗಿಯಬೇಕು.
ಅದರ ಬೆನ್ನ ಮೇಲೆ ಏನನ್ನು ಹೇರಲಿ?

ಮೊದಲನೆಯದು ಚಂದವಿತ್ತು. ಹದಿನೈದು ದಿನ ಉಚಿತ ಅಂದಿತು.
ಹದಿನಾರನೇ ಬೆಳಿಗ್ಗೆ ಗುತ್ಯಮ್ಮನ ಹಣೆಗೆ ಅಡ್ಡ
ತನ್ನ ಹೆಸರು ಬರೆದುಕೊಂಡು ಕೂತಿತ್ತು,
ಸಂತೆಯಲ್ಲಿ ಎಮ್ಮೆಗೆ ಬಣ್ಣದ ಗುರುತು ಹಾಕಿದ ಹಾಗೆ.
ಒರೆಸಬೇಕಾದರೆ ದುಡ್ಡು ಕಟ್ಟಬೇಕಂತೆ.

ಎರಡನೆಯದು ನಿಜಕ್ಕೂ ಪುಕ್ಕಟೆ. ಆದರೆ ಒಳಹೊಕ್ಕರೆ
ಬಡಗಿ ತಿಮ್ಮೋಜಿಯ ಪೆಟ್ಟಿಗೆ:
ಉಳಿ, ಬಾಚಿ, ಕೊಡತಿ, ಹತ್ತರಿ,
ಹೆಸರು ಗೊತ್ತಿಲ್ಲದ ಇನ್ನೂರು.
ಪದರದ ಮೇಲೆ ಪದರ ಅಂತ ಏನೋ;
ನಾನು ಕೆನ್ನೆ ಬೆಳಗಿಸಲು ಹೋದರೆ ಹಂಡೆ ಮಾಯ.
ಫ್ಯಾನು ಹಿಟ್ಟಿನ ಗಿರಣಿಯಾಗಿ ಕಿರುಚಿ
ಕೊನೆಗೆ ಪರದೆ ಪೂರಾ ನೀಲಿ.

ಎದುರುಮನೆ ಲೋಹಿತ ಪೆನ್‌ಡ್ರೈವ್ ಹಿಡಿದು ಬಂದ:
"ದೊಡ್ಡದೇ ಇದೆ ಆಂಟಿ, ಬೀಗ ಒಡೆದದ್ದು."
ಹುರುಳಿ ಆರಿಸುತ್ತಿದ್ದ ಗುತ್ಯಮ್ಮ ತಲೆಯೆತ್ತಲಿಲ್ಲ:
"ಕದ್ದ ಕನ್ನಡಿಯಲ್ಲಿ ನಾನು ಮುಖ ನೋಡಲ್ಲ ಮಗಾ."

ಮೂರನೆಯದು ಎಷ್ಟು ಸಣ್ಣದೆಂದರೆ
ಇಳಿದದ್ದೇ ಗೊತ್ತಾಗಲಿಲ್ಲ.
ಕತ್ತರಿಸುತ್ತದೆ. ಬೆಳಕು ಏರಿಸುತ್ತದೆ, ಇಳಿಸುತ್ತದೆ.
ಓರೆಯಾದದ್ದನ್ನು ನೆಟ್ಟಗೆ ಮಾಡುತ್ತದೆ.
ಕೈ ತಪ್ಪಿದರೆ ಬಾಗಿದ ಬಾಣ ಒಂದಿದೆ, ಒತ್ತಿದರೆ ಹಿಂದಕ್ಕೆ.
ಇದರಾಚೆ ಏನು ಕೇಳಿದರೂ ಸುಮ್ಮನಿರುತ್ತದೆ.

ಸುತ್ತ ಗೆರೆ ಎಳೆದೆ. ಹೆಂಗಸರೆಲ್ಲ ಹೋದರು,
ಹಂಡೆ ಹೋಯಿತು, ಗುತ್ಯಮ್ಮ ಉಳಿದಳು.
ಮತ್ತೆ, ಅವಳ ಬಲಭುಜದ ಮೇಲೆ,
ಮಣಿಕಟ್ಟಿನ ತನಕ ಮಾತ್ರ,
ಒಂದು ಕೈ.

ಇನ್ನೂ ಒಳಗೆ ಕತ್ತರಿಸಿದರೆ ಕಿವಿ ಹೋಗುತ್ತದೆ.
ದೊಡ್ಡದಾಗಿದ್ದರೆ ಕೈ ಒರೆಸಿ ಅಲ್ಲಿ ಸೀರೆ ನೇಯುತ್ತಿತ್ತು;
ಇದಕ್ಕೆ ಆ ವಿದ್ಯೆ ಬಾರದು.
"ಎರಡನೆಯದನ್ನೇ ಮತ್ತೆ ಹಾಕಿ ನೋಡಲಾ?" ಅಂದೆ.

ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.
"ಫಿಲೋಮಿನಂದು.
ತೋರುಬೆರಳಿಗೆ ಬಟ್ಟೆ ಸುತ್ತಿದೆ ನೋಡು, ಈಳಿಗೆ ತಾಗಿದ್ದು.
ಫೋಟೋದವನು ನಗಿ, ನಗಿ ಅಂದ, ನಾನು ನಗಲಿಲ್ಲ.
ಹೆಬ್ಬೆರಳು ಹಿಂದಿದೆ, ಇಲ್ಲಿ ಕಾಣಲ್ಲ.
ಅದರಲ್ಲೇ ಚಿವುಟಿದ್ದು."

ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ.
"ಅವಳು ಹೋದಾಗ ಪೇಪರಲ್ಲಿ ಬರಲೇ ಇಲ್ಲ.
ಫೋಟೋ ಸಿಗಲಿಲ್ಲ ಅಂದ್ರು."

ಬೆಳಕು ಒಂದು ಗೀಟು ಏರಿಸಿದೆ, ಇಬ್ಬರಿಗೂ.
ಯಾವ ಹೆಸರಲ್ಲಿ ಉಳಿಸಲಿ ಅಂತ ಕೇಳಿತು.
ಗುತ್ಯಮ್ಮ ಎಂದು ಬೆರಳಚ್ಚಿಸಿ, ತಡೆದು,
ಅಡ್ಡಗೆರೆ ಹಾಕಿ ಒಂದು 'ಫಿ' ಸೇರಿಸಿದೆ.

"ಎಷ್ಟಾಯ್ತು?" ಅಂದಳು.
ಪುಕ್ಕಟೆ ಅಂದರೆ ನಂಬಲಿಲ್ಲ.
ಆರಿಸಿದ ಹುರುಳಿಯಲ್ಲಿ ಅರ್ಧ ಸೇರು
ಕೀಬೋರ್ಡಿನ ಪಕ್ಕ ಸುರಿದು ಹೋದಳು.