ಮೂವತ್ತಾರು ಇಂಚು

ಕೋರ್ಸು ಮುಗಿಸಿ ಹೊರಟ ಡಾಕ್ಟರ್ ಹುಡುಗಿ
ಎರಡು ಬ್ಲೌಸಿನ ಕೂಲಿ ಬಾಕಿಗೆ
ಬಿಟ್ಟುಹೋದಳು ಈ ಕ್ಯಾನರಿಯನ್ನ,
ಹಿತ್ತಾಳೆ ಬಣ್ಣದ ಗುಂಡು ಪಂಜರ ಸಮೇತ.
ಜೊತೆಗೊಂದು ಚೀಟಿ: ಹೊಗೆ ಆಗಲ್ಲ.
ಗಾಳಿ ನೇರ ಬಡೀಬಾರದು.

ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಯ ಬೆನ್ನಿಗೇ ನಮ್ಮ ಮನೆ.
ನಗು ಬಂತು. ಆಮೇಲೆ ಬರಲಿಲ್ಲ.

ಮೂರು ದಿನ ನೋಡಿದೆ.
ಬೆಕ್ಕು ಕಿಟಕಿಗೆ ಬಂದಾಗಲೆಲ್ಲ
ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು.
ಗುಂಡಗಿನ ಮನೆಯಲ್ಲಿ ಮೂಲೆಯೇ ಇಲ್ಲ,
ಹೆದರಿದ ಜೀವ ಬೆನ್ನು ಕೊಟ್ಟು ಕೂರಲು.
ಅತ್ತೆ, ಮೈದುನ, ಮಷೀನು, ನಾನು
ಇರುವ ಹತ್ತಡಿ ಕೋಣೆಯಲ್ಲೂ
ನನಗೊಂದು ಮೂಲೆಯಿದೆ, ಅಕ್ಕಿ ಡಬ್ಬದ ಪಕ್ಕ.

ಟೇಪು ಕೊರಳಲ್ಲಿ ಹಾಕಿಕೊಂಡೇ
ಹೋದೆ ಜಬೀವುಲ್ಲಾನ ವೆಲ್ಡಿಂಗ್ ಅಂಗಡಿಗೆ.
ಉದ್ದ ಮೂವತ್ತಾರು. ಅಗಲ ಹದಿನೆಂಟು. ಎತ್ತರ ಇಪ್ಪತ್ತು ಸಾಕು.
"ಎತ್ತರ ಇಟ್ರೆ ಚೆಂದ ಕಾಣ್ತೈತಲ್ಲಕ್ಕ?"
ಚೆಂದ ನೋಡೋರಿಗೆ. ಇದು ಹಾರೋದು ಅಡ್ಡಡ್ಡ,
ಮುಚ್ಚಿದ ಮಿಲ್ಲಿನಲ್ಲಿ ನಮ್ಮಪ್ಪನ ಲಾಳಿ ಓಡುತ್ತಿದ್ದ ಹಾಗೆ.
ಸರಳಿಗೂ ಸರಳಿಗೂ ನಡುವೆ
ಇದು ತೂರಬಾರದು ನೋಡು, ಅಂತ
ಶರ್ಟಿನ ಗುಂಡಿಯೊಂದನ್ನು ಕೊಟ್ಟುಬಂದೆ.

ಕೂರಲು ಬೇವಿನ ಕಡ್ಡಿ,
ಒಂದು ಕಿರುಬೆರಳ ದಪ್ಪ, ಇನ್ನೊಂದು ಅದಕ್ಕಿಂತ ಸಣ್ಣ.
ಎಲ್ಲ ಒಂದೇ ದಪ್ಪವಾದರೆ ಕಾಲು ಹಿಡಿಯುತ್ತೆ;
ದಿನವಿಡೀ ಒಂದೇ ಪೆಡಲು ತುಳಿಯುವ ನನಗೆ ಯಾರೂ ಹೇಳಬೇಕಿಲ್ಲ.
ನೀರಿನ ಬಟ್ಟಲ ಮೇಲೆ ಕಡ್ಡಿ ಕಟ್ಟಬಾರದು.
ಇದು ಮಾತ್ರ ಗೊತ್ತಾಯಿತು ಒಂದು ದಿನ ತಡವಾಗಿ.
ಕೆಳಗೆ ಹಾಸಲು, ಅಳತೆಗೆ ಕತ್ತರಿಸಿ ಉಳಿದ ಪೇಪರು:
ತೋಳಿಲ್ಲದ, ಕೊರಳಿಲ್ಲದ ಸುದ್ದಿಗಳು.

ಭಟ್ಟಿ ಹೊತ್ತುವುದು ಬೆಳಗಿನ ಜಾವ.
ಪಡುವಣ ಕಿಟಕಿಗೆ ಲೈನಿಂಗ್ ಬಟ್ಟೆ ಎರಡು ಪದರ ಹೊಲಿದೆ.
ಪಂಜರ ಮೂಡಲ ಗೋಡೆಗೆ, ಕಣ್ಣೆತ್ತರಕ್ಕೆ.
ಅಲ್ಲಿದ್ದ ಅವರ ಫೋಟೊ
ಪಕ್ಕದ ಮೊಳೆಗೆ ಹೋಯಿತು, ಹಾರ ಸಮೇತ.
ಅತ್ತೆ ಎರಡು ದಿನ ಮಾತಾಡಲಿಲ್ಲ.
ಮೂರನೇ ರಾತ್ರಿ, ನಾನಿನ್ನೂ ಹೊಲಿಯುತ್ತಿದ್ದೆ,
ಆಕೆಯೇ ಎದ್ದು ಹಳೇ ಸೀರೆಯ ತುಂಡು ಹೊದಿಸಿದಳು:
"ಬೆಳಕಿಗೆ ನಿದ್ದಿ ಹತ್ತವಲ್ದು ಅದಕ್ಕೆ."

ನಾಲ್ಕು ತಿಂಗಳಾಯಿತು. ಚಿವ್ ಅನ್ನುತ್ತೆ, ಹಾಡಿಲ್ಲ.
"ಹೆಣ್ಣಿರಬೇಕಕ್ಕ, ಹೆಣ್ಣು ಹಾಡಲ್ಲವಂತೆ,"
ಜಬೀವುಲ್ಲಾ ಪೆಚ್ಚಾದ, ತನ್ನ ಬೆಸುಗೆಯೇ ಬಿಟ್ಟುಕೊಂಡಂತೆ.

ಇರಲಿ ಬಿಡು.
ಹಾಡಿದರೂ ಮೂವತ್ತಾರೇ,
ಹಾಡದಿದ್ದರೂ.

ಈಗಷ್ಟೇ ಎಡಗಡೆಯ ಕಡ್ಡಿಯಿಂದ ಬಲಗಡೆಗೆ ಹೋಯಿತು,
ನಡುವೆ ಎರಡು ಸಲ ರೆಕ್ಕೆ ಬಡಿಯಿತು, ಎಣಿಸಿದೆ.
ಗುಂಡು ಪಂಜರದಲ್ಲಿ
ಅತ್ತೆ ಈರುಳ್ಳಿ ಇಡುತ್ತಾಳೆ.